ಮೊದಲು ವಾಲ್ಯೂಮ್ ಸಮ ಮಾಡಿ, ಆಮೇಲೆ ಹೋಲಿಸಿ

ಪ್ರಶ್ನೆ: ನನ್ನ ಹತ್ತಿರ ಸೆನ್‌ಹೈಸರ್ ಐಇ 900 ಇಯರ್‌ಫೋನ್ ಇದೆ. ಮೊನ್ನೆ ಗೆಳೆಯ 64 ಆಡಿಯೋ ಕಂಪನಿಯ ಯು12ಟಿ ಇಯರ್‌ಫೋನ್ ತಂದಿದ್ದ. ಎರಡನ್ನೂ ಒಂದೇ ಡ್ಯಾಕ್‌ಗೆ (ಡಿಜಿಟಲ್ ಹಾಡನ್ನು ಇಯರ್‌ಫೋನಿಗೆ ಒಪ್ಪುವ ಸಂಕೇತ ಮಾಡುವ ಸಾಧನ) ಹಾಕಿ, ವಾಲ್ಯೂಮ್ ಮುಟ್ಟದೆ ಕೇಳಿದೆ. ಅದರಲ್ಲಿ ಎಲ್ಲ ಸ್ಪಷ್ಟ, ನನ್ನದು ಮಂಕು. ಅದಕ್ಕೆ 12 ಡ್ರೈವರ್ (ಸದ್ದು ಹೊರಡಿಸುವ ಭಾಗ), ನನ್ನದಕ್ಕೆ ಒಂದೇ. ನನ್ನದನ್ನು ಮಾರಿ, ದುಡ್ಡು ಸೇರಿಸಿ ಅದನ್ನೇ ತಗೊಳ್ಳಲಾ?
– ಓದುಗರು, ವಿರಾಜಪೇಟೆ

ಉತ್ತರ: ಈಗಲೇ ಮಾರಬೇಡಿ. ವಾಲ್ಯೂಮ್ ಮುಟ್ಟದೆ ಕೇಳಿದೆ ಅಂದಿರಲ್ಲ, ತೊಡಕು ಇರುವುದೇ ಅಲ್ಲಿ.

ಎಷ್ಟು ಜೋರಾಗಿ ನುಡಿಯುತ್ತದೆ ಅಂತ ಕಂಪನಿಗಳು ಕೊಡುವ ಲೆಕ್ಕ ನೋಡಿ. ಐಇ 900ಗೆ 123 ಡೆಸಿಬಲ್, ಯು12ಟಿಗೆ 108. ಓದಿದವರಿಗೆ ನಿಮ್ಮದೇ ಜೋರು ಅನ್ನಿಸುತ್ತದೆ, ಅಲ್ವಾ? ಆದರೆ ಮೊದಲನೆಯದು 1 ವೋಲ್ಟ್‌ಗೆ ಹೇಳಿದ್ದು, ಎರಡನೆಯದು 1 ಮಿಲಿವ್ಯಾಟ್‌ಗೆ. ಯು12ಟಿಯ ಇಂಪೀಡೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ) ಸುಮಾರು 12.6 ಓಮ್, ಅದನ್ನು ಹಿಡಿದು 1 ವೋಲ್ಟ್‌ಗೆ ಲೆಕ್ಕ ಹಾಕಿದರೆ 127 ಬರುತ್ತದೆ. ಅಂದರೆ ನಿಮ್ಮ ಡ್ಯಾಕ್ ಅದೇ ಮಟ್ಟದಲ್ಲಿದ್ದಾಗ ಗೆಳೆಯನದು ಸುಮಾರು 4 ಡೆಸಿಬಲ್ ಜೋರಾಗಿ ನುಡಿದಿದೆ. ಒಂದು ಡೆಸಿಬಲ್ ವ್ಯತ್ಯಾಸವೇ ಸಾಕು, ಜೋರಾಗಿರುವುದು ಜೋರು ಅಂತ ಗೊತ್ತಾಗುವುದಿಲ್ಲ, ಸ್ಪಷ್ಟ ಅಂತಲೇ ಅನ್ನಿಸುತ್ತದೆ.

ಹಾಗಾಗಿ ಅದನ್ನು ಮತ್ತೆ ಒಂದು ದಿನಕ್ಕೆ ಕೇಳಿ ತನ್ನಿ. ಯು12ಟಿ ಹಾಕಿದಾಗ ಪ್ಲೇಯರ್ ಆ್ಯಪ್‌ನ ಈಕ್ವಲೈಜರ್‌ನಲ್ಲಿ ಪ್ರೀಆಂಪ್ (ಒಟ್ಟು ಸದ್ದಿನ ಮಟ್ಟ) ಅನ್ನು 4 ಡೆಸಿಬಲ್ ಇಳಿಸಿ. ಆಮೇಲೆ 1 ಕಿಲೋಹರ್ಟ್ಜ್ ಟೋನ್ ಹಾಕಿ, ಎರಡರಲ್ಲೂ ಒಂದೇ ಮಟ್ಟ ಕೇಳುವವರೆಗೆ ಸ್ವಲ್ಪ ಆಚೀಚೆ ಮಾಡಿ.

ಇಯರ್‌ಟಿಪ್ ಕಿವಿಯಲ್ಲಿ ಸರಿಯಾಗಿ ಕೂತಿದೆಯಾ ನೋಡಿ. ಸಣ್ಣ ಸಂದಿ ಉಳಿದರೂ ಬೇಸ್ (ತಗ್ಗಿನ ಸ್ವರ) ಹೋಗುತ್ತದೆ. ಇನ್ನೊಂದು ಮಾತು, ನಮ್ಮ ಕೊಡಗಿನ ಮಳೆಗಾಲದಲ್ಲಿ ಶೀಟಿನ ಮೇಲೆ ಮಳೆ ಹುಯ್ಯುವಾಗ ಹೋಲಿಸಲೇಬೇಡಿ, ಸಣ್ಣ ಸದ್ದೆಲ್ಲ ಅದರಲ್ಲೇ ಮುಳುಗಿ ಹೋಗುತ್ತದೆ. ಯು12ಟಿ ಜೊತೆ ಎಂ15, ಎಂ20 ಅನ್ನುವ ಮಾಡ್ಯೂಲ್‌ಗಳು (ಬದಲಿಸಿ ಹಾಕುವ ಸಣ್ಣ ಬಿರಡೆಗಳು) ಬರುತ್ತವೆ. ಎಂ20 ಹೊರಗಿನ ಸದ್ದನ್ನು ಜಾಸ್ತಿ ತಡೆಯುತ್ತದೆ, ಬೇಸ್ ಕೂಡ ಸ್ವಲ್ಪ ಏರುತ್ತದೆ. ಯಾವುದು ಹಾಕಿದ್ದಾರೆ ಕೇಳಿಕೊಳ್ಳಿ.

ಡ್ರೈವರ್ ಎಣಿಸುವುದನ್ನು ಬಿಡಿ. ಯು12ಟಿಯಲ್ಲಿರುವುದು ಬ್ಯಾಲೆನ್ಸ್ಡ್ ಆರ್ಮೇಚರ್, ಶ್ರವಣ ಸಾಧನಗಳಲ್ಲೂ ಬಳಸುವ ಡ್ರೈವರ್ ಜಾತಿ. ಒಂದೊಂದೂ ತೀರಾ ಸಣ್ಣದು, ಅದಕ್ಕೇ ಬೇಸ್, ಮಿಡ್ (ನಡುವಿನ ಸ್ವರ), ಟ್ರೆಬಲ್ (ಏರು ಸ್ವರ) ಅಂತ ಕೆಲಸ ಹಂಚಿಕೊಡುತ್ತಾರೆ. ನಿಮ್ಮದರ 7 ಮಿಲಿಮೀಟರ್ ಡೈನಮಿಕ್ ಡ್ರೈವರ್ ಗಾಳಿಯನ್ನು ತಾನೇ ತಳ್ಳುತ್ತದೆ, ಎಲ್ಲ ಸ್ವರವನ್ನೂ ಅದೊಂದೇ ನುಡಿಸುತ್ತದೆ. 12 ಇದ್ದ ಮಾತ್ರಕ್ಕೆ ಮೇಲು ಅಂತ ಆಗಲಿಲ್ಲ.

ಪರೀಕ್ಷೆಗೆ ಎದುರು ಕೂತು ಕೇಳಿದ ಸದ್ದನ್ನೇ ತೆಗೆದುಕೊಳ್ಳಿ. ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಹೊತ್ತಿನಲ್ಲಿ ಮಂದ್‌ನಲ್ಲಿ (ಊರಿನವರು ಸೇರುವ ಬಯಲು) ದುಡಿ ಅನ್ನುವ ಸಣ್ಣ ವಾದ್ಯದ ಪೆಟ್ಟು, ಕೊಂಬಿನ ಕಹಳೆ ಕೇಳಿದ್ದೀರಲ್ಲ, ಅದರ ಒಳ್ಳೆಯ ರೆಕಾರ್ಡಿಂಗ್ ಸಿಕ್ಕರೆ ಅದಕ್ಕಿಂತ ಬೇರೆ ಬೇಡ. ದುಡಿಯ ಪೆಟ್ಟು ಎಷ್ಟು ಬೇಗ ಬಿದ್ದು ಎಷ್ಟು ಬೇಗ ನಿಲ್ಲುತ್ತದೆ ಕೇಳಿ. ಕೊಂಬು ಏರಿದಾಗ ಕಿವಿಗೆ ಚುಚ್ಚುತ್ತದಾ ನೋಡಿ. ನನ್ನ ಕಿವಿಗೆ ಪೆಟ್ಟಿನ ಭಾರ ಐಇ 900ನಲ್ಲೇ ಚೆನ್ನ, ಅದರ ಟ್ರೆಬಲ್ ಮಾತ್ರ ಸ್ವಲ್ಪ ಚೂಪು. ಹಾಡುವವರ ದನಿಗೂ ತುಂಬಾ ಹೊತ್ತು ಆಯಾಸವಿಲ್ಲದೆ ಕೇಳುವುದಕ್ಕೂ ಯು12ಟಿ ಮೇಲು.

ಮಟ್ಟ ಸಮ ಮಾಡಿದ ಮೇಲೂ ದನಿಗಾಗಿ ಮನಸ್ಸು ಅದರ ಕಡೆಗೇ ಹೋದರೆ ಧೈರ್ಯವಾಗಿ ತಗೊಳ್ಳಿ. ವ್ಯತ್ಯಾಸ ಹುಡುಕಿ ಹುಡುಕಿ ಕೇಳಬೇಕಾಗಿ ಬಂದರೆ ಆ ದುಡ್ಡು ನಿಮ್ಮ ಹತ್ತಿರವೇ ಇರಲಿ.