‘ದೌ’ ಎಂದರೆ ‘ತಾವು’ ಅಲ್ಲ

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ಬೈಬಲಿನ 23 ಮತ್ತು 24ನೆಯ ಕೀರ್ತನೆಗಳನ್ನು 1611ರ ಇಂಗ್ಲಿಷ್ ಪಾಠದಿಂದ ಕನ್ನಡಕ್ಕೆ ತಂದು ಪ್ರಕಟಿಸಿದ್ದೆವು. ಅಲ್ಲಿ ದೇವರನ್ನು ಕರೆಯುವ ‘ದೌ’ (thou) ಎಂಬ ಹಳೆಯ ಸರ್ವನಾಮಕ್ಕೆ ‘ನೀನು’ ಎಂದು ಬಳಸಿದ್ದು ಅಗೌರವವೆಂದೂ, ಅದು ಇಂಗ್ಲಿಷಿನ ಅತ್ಯುನ್ನತ ಗೌರವವಾಚಕವಾದ್ದರಿಂದ ‘ತಾವು’ ಎಂದಿರಬೇಕಿತ್ತೆಂದೂ ನೀವು ಬರೆದಿದ್ದೀರಿ. ಹಾಗೆ ತೋರುವುದು ಸಹಜ. ಓದುವ ದಿನಗಳಲ್ಲಿ ನಾನೂ ಹಾಗೆಯೇ ತಿಳಿದಿದ್ದೆ. ಆದರೆ ಆ ಪದದ ಚರಿತ್ರೆ ಬೇರೆಯೇ ಇದೆ.

ಹಳೆಯ ಇಂಗ್ಲಿಷಿನಲ್ಲಿ ಅದರ ರೂಪ ‘ಥೂ’. ಸಂಸ್ಕೃತದ ‘ತ್ವಂ’, ಲ್ಯಾಟಿನ್ನಿನ ‘ತೂ’, ಹಿಂದಿಯ ‘ತೂ’ ಇವೆಲ್ಲ ಅದರ ದಾಯಾದಿಗಳು. (ನಮ್ಮ ‘ನೀನು’ ದ್ರಾವಿಡ ಮೂಲದ್ದು, ಈ ಬಳಗಕ್ಕೆ ಸೇರಿದ್ದಲ್ಲ.) ಆಗ ಅದು ಬರಿಯ ಏಕವಚನ, ರಾಜನಿಗೂ ಅದೇ, ಆಳಿಗೂ ಅದೇ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ನಡೆನುಡಿಯ ಪ್ರಭಾವ ಬೆಳೆದು, 13ನೆಯ ಶತಮಾನದಿಂದೀಚೆಗೆ ಹಿರಿಯರನ್ನು ಬಹುವಚನದ ‘ಯೂ’ ಎಂದು ಕರೆಯುವ ರೂಢಿ ಬಂತು. ‘ದೌ’ ಮಕ್ಕಳಿಗೆ, ಆಳುಗಳಿಗೆ, ಆಪ್ತರಿಗೆ ಉಳಿಯಿತು. ಸಿಟ್ಟು ಬಂದಾಗ ಬೈಯುವುದಕ್ಕೂ ಒದಗಿತು. 1603ರಲ್ಲಿ ಇಂಗ್ಲೆಂಡಿನ ಆಸ್ಥಾನಿಕನೂ ನಾವಿಕನೂ ಆಗಿದ್ದ ಸರ್ ವಾಲ್ಟರ್ ರ‍್ಯಾಲಿಯ ಮೇಲೆ ರಾಜದ್ರೋಹದ ವಿಚಾರಣೆ ನಡೆದಾಗ, ಸರ್ಕಾರದ ಪರ ವಾದಿಸುತ್ತಿದ್ದ ಎಡ್ವರ್ಡ್ ಕೋಕ್ ತುಂಬಿದ ನ್ಯಾಯಾಲಯದಲ್ಲಿ ಆತನನ್ನು ದ್ರೋಹಿಯೆಂದು ಜರೆಯುತ್ತ, ‘ದೌ’ ಎಂಬುದನ್ನೇ ಕ್ರಿಯಾಪದವಾಗಿ ಬಳಸಿ, ನಿನ್ನನ್ನು ‘ದೌ’ ಎಂದೇ ಕರೆಯುತ್ತೇನೆ ಎಂದ. ನಾವಾದರೆ ‘ಏಕವಚನಕ್ಕಿಳಿದ’ ಎನ್ನುತ್ತೇವೆ.

ಹೀಗಿರುವಾಗ 1611ರ ಅನುವಾದಕರು ದೇವರಿಗೆ ಆ ಪದವನ್ನೇಕೆ ಬಳಸಿದರು? ಮೂಲದ ಹೀಬ್ರೂ, ಗ್ರೀಕ್ ಭಾಷೆಗಳಲ್ಲಿ ಏಕವಚನ ಇದ್ದಲ್ಲಿ ಏಕವಚನವನ್ನೇ ಉಳಿಸಿಕೊಂಡರು, ಅಷ್ಟೆ. ಮತ್ತಾಯನ ಸುವಾರ್ತೆಯಲ್ಲಿ ಯೇಸು ತೊಲಗೆಂದು ಅಟ್ಟುವ ಸೈತಾನನಿಗೂ ಇದೇ ಏಕವಚನವುಂಟು. ಅಲ್ಲಿ ‘ತಾವು’ ಎನ್ನುವುದು ಸಾಧ್ಯವೇ? ಲೂಕನ 22ನೆಯ ಅಧ್ಯಾಯದಲ್ಲಿ ಸೈತಾನನು ‘ನಿಮ್ಮನ್ನು’ ಗೋಧಿಯಂತೆ ಜರಡಿ ಹಿಡಿಯಲು ಬಯಸಿದ್ದಾನೆ, ನಾನು ‘ನಿನಗಾಗಿ’ ಪ್ರಾರ್ಥಿಸಿದ್ದೇನೆ ಎಂದು ಯೇಸು ಸೀಮೋನನಿಗೆ ಹೇಳುತ್ತಾನೆ. ಮೊದಲನೆಯದು ಶಿಷ್ಯರೆಲ್ಲರಿಗೆ, ಎರಡನೆಯದು ಸೀಮೋನನೊಬ್ಬನಿಗೆ. ಇಂದಿನ ಇಂಗ್ಲಿಷಿನಲ್ಲಿ ಎರಡೂ ಕಡೆ ‘ಯೂ’ ಬಂದು ಈ ಸೂಕ್ಷ್ಮ ಅಳಿಸಿಹೋಗುತ್ತದೆ. ಕನ್ನಡದಲ್ಲಿ ತಾನಾಗಿ ಉಳಿಯುತ್ತದೆ.

ಗೌರವದ ಬಣ್ಣ ಬಂದದ್ದು ಆಮೇಲೆ. ದಿನಬಳಕೆಯ ಶಿಷ್ಟ ಇಂಗ್ಲಿಷಿನಿಂದ ‘ದೌ’ ಮರೆಯಾಗಿ ಪ್ರಾರ್ಥನೆಯಲ್ಲಿ, ಕಾವ್ಯದಲ್ಲಿ ಮಾತ್ರ ಕೇಳಿಸತೊಡಗಿದಾಗ, ಆ ಸ್ಥಳದ ಗಾಂಭೀರ್ಯವೇ ಪದಕ್ಕೂ ಅಂಟಿಕೊಂಡಿತು. 17ನೆಯ ಶತಮಾನದಲ್ಲಿ ಕ್ವೇಕರ್ ಎಂಬ ಕ್ರೈಸ್ತ ಪಂಥವನ್ನು ಕಟ್ಟಿದ ಜಾರ್ಜ್ ಫಾಕ್ಸ್ ಮತ್ತು ಅವನ ಸಂಗಡಿಗರು ಮನುಷ್ಯರಲ್ಲಿ ಮೇಲುಕೀಳು ಸಲ್ಲದೆಂದು ಎಲ್ಲರನ್ನೂ ಏಕವಚನದಲ್ಲೇ ಮಾತಾಡಿಸಿ ದೊಡ್ಡವರ ಸಿಟ್ಟಿಗೆ ಗುರಿಯಾದರು. ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರಿನ ಆಡುನುಡಿಯಲ್ಲಿ ಅದು ‘ದಾ’ ಎಂದಾಗಿ, ಸಲುಗೆಯ ಮಾತಾಗಿಯೇ ಬಹುಕಾಲ ಬಾಳಿತು.

‘ನೀನೊಲಿದರೆ ಕೊರಡು ಕೊನರುವುದಯ್ಯಾ’ ಎಂದ ಬಸವಣ್ಣನ ನುಡಿಯಲ್ಲಿ ನಿಮಗೆ ಅಗೌರವ ಕಂಡಿರಲಾರದು. ಆದ್ದರಿಂದ 23ನೆಯ ಕೀರ್ತನೆಯ ‘ನೀನು’ ಹಾಗೆಯೇ ಇರಲಿ. ಆದರೆ ನಿಮ್ಮ ಪತ್ರದ ನೆಪದಲ್ಲಿ ಪುಟ ತಿರುವಿದಾಗ ನಮ್ಮದೇ ಒಂದು ತಪ್ಪು ಸಿಕ್ಕಿತು: 24ನೆಯ ಕೀರ್ತನೆಯಲ್ಲಿ ದ್ವಾರಗಳನ್ನು ಕರೆಯುವ ಸರ್ವನಾಮ ಬಹುವಚನದ ‘ಯೀ’. ಅಲ್ಲಿ ‘ನಿನ್ನ ತಲೆಯೆತ್ತು’ ಎಂದು ಅಚ್ಚಾಗಿರುವುದನ್ನು ‘ನಿಮ್ಮ ತಲೆಗಳನ್ನೆತ್ತಿರಿ’ ಎಂದು ತಿದ್ದಿಕೊಳ್ಳಬೇಕಾಗಿ ವಿನಂತಿ.

ಸಂಪಾದಕ