ಮಲ್ಪೆಗೆ ಬರಲಿರುವ ಪೋರ್ಶೆ

ಪ್ರಶ್ನೆ: ಅಣ್ಣ ಪೋರ್ಶೆ 911 ಜಿಟಿ3 ಎಂಬ ಸ್ಪೋರ್ಟ್ಸ್ ಕಾರು ತರಿಸಲು ಹೊರಟಿದ್ದಾರೆ. ನಮ್ಮ ಮನೆ ಮಲ್ಪೆಯಲ್ಲಿದೆ. ಯಾವ ಹೆಚ್ಚುವರಿ ಸೌಲಭ್ಯಗಳನ್ನು ಹಾಕಿಸಬೇಕು?
– ಓದುಗರು, ಉಡುಪಿ

ಉತ್ತರ: ಮೊಟ್ಟಮೊದಲು, ಗುಂಡಿ ಒತ್ತಿದರೆ ಕಾರಿನ ಮೂತಿ ಮೇಲೇಳುವ ವ್ಯವಸ್ಥೆ. ಇದಿಲ್ಲದೆ ತರಿಸಲೇಬೇಡಿ. ಕಳೆದ ಮಳೆಗಾಲದಲ್ಲಿ ನನ್ನ ಸಾಧಾರಣ ಕಾರಿನ ಹೊಟ್ಟೆಯೇ ನಮ್ಮ ಬೀದಿಯ ಉಬ್ಬಿಗೆ ಕರಕರನೆ ಉಜ್ಜಿತ್ತು. ಆ ಸದ್ದು ಈಗಲೂ ಕಿವಿಯಲ್ಲಿದೆ.

ತುಕ್ಕು ಹಿಡಿಯದ ಸೆರಾಮಿಕ್ (ಪಿಂಗಾಣಿಯಂಥ ವಸ್ತುವಿನ) ಬ್ರೇಕ್ ಬೇಡ. ಕಡಲ ಗಾಳಿಗೆ ಕಬ್ಬಿಣದ ಡಿಸ್ಕ್ ಮೇಲೆ ಕೆಂಪು ತುಕ್ಕು ಕೂರುವುದು ನಿಜ, ಆದರೆ ನಾಲ್ಕು ಸಲ ಬ್ರೇಕ್ ಒತ್ತಿದರೆ ಅದು ಹೋಗುತ್ತದೆ.

ಗೇರ್ ಮಾತ್ರ ಆರು ಹಂತದ ಮ್ಯಾನುವಲ್ ಇರಲಿ. ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸಾಧನ) ಇಲ್ಲದ 4 ಲೀಟರ್ ಎಂಜಿನ್, 510 ಅಶ್ವಶಕ್ತಿ, ನಿಮಿಷಕ್ಕೆ 9000 ಸುತ್ತು! ಆಗುಂಬೆ ಘಾಟಿಯ ತಿರುವಿನಲ್ಲಿ ಎರಡನೇ ಗೇರಿಗೆ ಕೈಯಾರೆ ಇಳಿಸುವ ಸುಖವನ್ನು ಯಂತ್ರಕ್ಕೇಕೆ ಬಿಟ್ಟುಕೊಡಬೇಕು?

ಮನೆಯಲ್ಲಿ ಮಕ್ಕಳಿದ್ದರೆ ಹಿಂಬದಿಯ ದೊಡ್ಡ ರೆಕ್ಕೆಯಿಲ್ಲದ ಟೂರಿಂಗ್ ಮಾದರಿ ನೋಡಿ. 2024ರಲ್ಲಿ ಅನಾವರಣಗೊಂಡ ಈ ಆವೃತ್ತಿಯಲ್ಲಿ ಹಿಂದಿನ ಸೀಟುಗಳನ್ನೂ ಕೇಳಿ ಹಾಕಿಸಿಕೊಳ್ಳಬಹುದು. ಜೂನ್ ತಿಂಗಳ ಜಡಿಮಳೆಯಲ್ಲಿ ಮಾತ್ರ ಕಾರನ್ನು ಹೊರಗೆ ತೆಗೆಯಬೇಡಿ. ಹಿಂದಿನ ಟಯರ್‌ಗಳ ಅಗಲ 315 ಮಿಲಿಮೀಟರ್, ನಿಂತ ನೀರಿನ ಮೇಲೆ ಜಾರುತ್ತವೆ.