ಕೈ, ಮೈ, ಮಣ್ಣು

ಕಾರಟಗಿ ಕಡೆಯ ಹಳ್ಳಿಯ ಅಜ್ಜಿಯೊಬ್ಬರು ಪಕ್ಕದ ಮನೆಯ ಹುಡುಗಿಯ ಕೈಯಲ್ಲಿ ಬರೆಯಿಸಿ ಕಳುಹಿಸಿದ ಪತ್ರದ ಸಾರ ಇಷ್ಟು: ಮಗ ಮತ್ತು ಸೊಸೆ ಗುಳೆ ಹೋಗಿ ಬೆಂಗಳೂರಿನಲ್ಲಿ ಕಟ್ಟಡದ ಕೆಲಸ ಮಾಡುತ್ತಿದ್ದಾರೆ. ಏಳು ವರ್ಷದ ಮೊಮ್ಮಗ ಇವರ ಬಳಿ ಇದ್ದಾನೆ. ಶಾಲೆಯ ಹಿಂದಿನ ಹುಣಸೆ ಮರದ ಕೆಳಗೆ ಕಣಜದ ಹುಳ ಅವನ ಬೆರಳಿಗೆ ಕಚ್ಚಿತು. ಮರುದಿನ ಕೈ ಮೊಣಕೈವರೆಗೆ ಬಾತಿತು. ಬಾವು ಇಳಿಯಲು ಆರು ದಿನ ಹಿಡಿಯಿತು. "ಮೊದಲ ಸಲ ಕೈ, ಎರಡನೇ ಸಲ ಮೈ, ಮೂರನೇ ಸಲ ಮಣ್ಣು" ಎಂದು ಓಣಿಯ ಹಿರಿಯರೊಬ್ಬರು ಹೇಳಿದರಂತೆ. ಅಂದಿನಿಂದ ಹುಡುಗ ಶಾಲೆಗೆ ಹೋಗಿಲ್ಲ. "ಹಡೆದವರು ಬಂದು ಕೇಳಿದರೆ ಏನೆಂದು ಹೇಳಲಿ?"

ಅವ್ವ,

ನಿಮ್ಮ ಪತ್ರದ ಒಂದು ಸಾಲನ್ನು ಮೇಲಿನ ಸಾರದಲ್ಲಿ ಬಿಟ್ಟಿದ್ದೇನೆ. ಮೊದಲು ಅದನ್ನೇ ಒಪ್ಪಿಕೊಂಡುಬಿಡುತ್ತೇನೆ. ಕಚ್ಚಿದ ಜಾಗಕ್ಕೆ ಸುಣ್ಣ ಮೆತ್ತಿದಿರಿ, ಚರ್ಮ ಸುಟ್ಟು ಬೊಬ್ಬೆ ಎದ್ದಿತು, ಹಾಗೆ ಮಾಡಲು ಹೇಳಿದ್ದು ನಮ್ಮ ಪತ್ರಿಕೆಯೇ ಎಂದು ಬರೆಯಿಸಿದ್ದೀರಿ. ನಿಜ. ಮನೆಮದ್ದಿನ ಅಂಕಣದಲ್ಲಿ ಅದು ಬಂದಿತ್ತು. ಓದಿ ಅಚ್ಚಿಗೆ ಕಳುಹಿಸಿದವನು ನಾನು. ವಿಷ ಹುಳಿ, ಸುಣ್ಣ ಅದನ್ನು ಮುರಿಯುತ್ತದೆ ಎಂಬ ಲೆಕ್ಕ ಕೇಳಲು ಚೆಂದ. ಆದರೆ ಕೊಂಡಿ ವಿಷವನ್ನು ಚರ್ಮದ ಒಳಗೆ ಇಳಿಸಿರುತ್ತದೆ. ಮೇಲೆ ಮೆತ್ತಿದ ಸುಣ್ಣ ಅಲ್ಲಿಗೆ ಮುಟ್ಟುವುದಿಲ್ಲ, ಎಳೆಯ ಚರ್ಮವನ್ನು ಮಾತ್ರ ಸುಡುತ್ತದೆ. ತಪ್ಪಾಯಿತು. ಸೋಪು ನೀರಿನಲ್ಲಿ ತೊಳೆದು, ತಣ್ಣೀರಿನ ಬಟ್ಟೆ ಇಟ್ಟು, ಕೈಯನ್ನು ದಿಂಬಿನ ಮೇಲೆ ಎತ್ತರಿಸಿ ಮಲಗಿಸಿದ್ದರೆ ಸಾಕಿತ್ತು.

ಮುಳ್ಳು ಹುಡುಕುತ್ತಾ ಬೆರಳನ್ನು ಹಿಂಡಿದ್ದೂ ವ್ಯರ್ಥ. ಮುಳ್ಳು ಬಿಟ್ಟು ಹೋಗುವುದು ಜೇನು, ಕಣಜವಲ್ಲ. ಜೇನು ಕಚ್ಚಿದಾಗ ಮಾತ್ರ ಆ ಮುಳ್ಳನ್ನು ಉಗುರಿನಿಂದಲೋ ಬೆರಳಿನಿಂದಲೋ ಕೂಡಲೇ ಕಿತ್ತುಬಿಡಬೇಕು, ಏಕೆಂದರೆ ಅದಕ್ಕೆ ಅಂಟಿದ ವಿಷದ ಚೀಲ ಹುಳ ಹಾರಿಹೋದ ಮೇಲೂ ಒತ್ತುತ್ತಲೇ ಇರುತ್ತದೆ. ಹೇಗೆ ಕಿತ್ತಿರಿ ಎಂಬುದು ಮುಖ್ಯವಲ್ಲ, ಎಷ್ಟು ಬೇಗ ಕಿತ್ತಿರಿ ಎಂಬುದು ಮುಖ್ಯ. ಸೂಜಿ ತರಲು ಒಳಗೆ ಓಡಬೇಡಿ.

ಇನ್ನು ಆ ಹಿರಿಯರ ಮಾತು. ಪ್ರಾಸ ಚೆನ್ನಾಗಿದೆ, ತೊಂದರೆ ಇರುವುದೇ ಅಲ್ಲಿ. ಪ್ರಾಸ ಕೂಡಿದ ಮಾತನ್ನು ಯಾರೂ ಒರೆಗೆ ಹಚ್ಚುವುದಿಲ್ಲ. ಅದು ಪೂರ್ತಿ ಸುಳ್ಳೂ ಅಲ್ಲ. ಅಲರ್ಜಿ ಆಗಬೇಕಾದರೆ ದೇಹಕ್ಕೆ ಆ ವಿಷದ ಪರಿಚಯ ಮೊದಲೇ ಆಗಿರಬೇಕು. ಫ್ರಾನ್ಸಿನ ಶಾರ್ಲ್ ರಿಶೆ ಮತ್ತು ಪಾಲ್ ಪೋರ್ತಿಯೆ 1902ರಲ್ಲಿ ಕಂಡದ್ದು ಇದನ್ನೇ. ಕಡಲ ಜೀವಿಯೊಂದರ ವಿಷವನ್ನು ಒಮ್ಮೆ ಚುಚ್ಚಿಸಿಕೊಂಡು ಬದುಕಿದ ನಾಯಿಗಳಿಗೆ ವಾರಗಳ ನಂತರ ಅದೇ ವಿಷವನ್ನು ಅತಿ ಕಡಿಮೆ ಕೊಟ್ಟಾಗ ಅವು ನಿಮಿಷಗಳಲ್ಲಿ ಸತ್ತವು. ಮೈಯನ್ನೆಲ್ಲ ಒಮ್ಮೆಲೇ ಹಿಡಿಯುವ ಇಂಥ ತೀವ್ರ ಅಲರ್ಜಿಗೆ ಅನಫೈಲಾಕ್ಸಿಸ್ ಎಂದು ಹೆಸರಿಟ್ಟವರು ಅವರೇ. ರಿಶೆಗೆ 1913ರಲ್ಲಿ ನೊಬೆಲ್ ಬಂತು.

ಆದರೆ ನಿಮ್ಮ ಮೊಮ್ಮಗನಿಗೆ ಆದದ್ದು ಅದಲ್ಲ. ನನಗೆ ಪರಿಚಯದ ಮಕ್ಕಳ ವೈದ್ಯರೊಬ್ಬರಿಗೆ ನಿಮ್ಮ ಪತ್ರವನ್ನು ಓದಿ ಹೇಳಿದೆ. "ಬೆರಳಿನಿಂದ ಹೊರಟ ಬಾವು ಮೊಣಕೈ ಮುಟ್ಟಿದರೂ ಅದು ಕಚ್ಚಿದ ಜಾಗದ ಬಾವೇ" ಎಂದರು. ಇಂಥದ್ದು ಎರಡನೇ ದಿನ ಹೆಚ್ಚಾಗಿ, ವಾರದ ಆಚೀಚೆ ಇಳಿಯುತ್ತದೆ. ಕೆಂಪಗೆ ಬಿಸಿಯಾಗಿರುವುದರಿಂದ ಕೀವು ಆಗಿದೆ ಎಂದು ಹೆದರುತ್ತೇವೆ. ಎರಡು ದಿನಗಳೊಳಗಿನ ಬಾವು ಸಾಮಾನ್ಯವಾಗಿ ಕೀವಿನದಲ್ಲ. ಹೀಗೆ ಬಾವು ಮಾತ್ರ ಬಂದವರಲ್ಲಿ ಮುಂದಿನ ಸಲ ಕಚ್ಚಿಸಿಕೊಂಡಾಗ ಮೈಗೆಲ್ಲ ಅಲರ್ಜಿ ಹರಡುವುದು 100 ಜನರಲ್ಲಿ ಹೆಚ್ಚೆಂದರೆ 10 ಮಂದಿಗೆ. ಅದರಲ್ಲೂ ಜೀವಕ್ಕೆ ಬರುವುದು ತೀರಾ ವಿರಳ. ಕೈ ಆದಮೇಲೆ ಮೈ, ಮೈ ಆದಮೇಲೆ ಮಣ್ಣು ಎಂಬ ಮೆಟ್ಟಿಲುಗಳು ಇಲ್ಲ.

ಹಾಗೆಂದು ಭಯವನ್ನೇ ಬಿಡಿ ಎನ್ನುವುದಿಲ್ಲ. ಭಯದ ಜಾಗವನ್ನು ಬದಲಿಸಿ ಎನ್ನುತ್ತೇನೆ. ಮುಂದೆ ಎಂದಾದರೂ ಕಚ್ಚಿದರೆ ಕಚ್ಚಿದ ಕಡೆ ನೋಡುತ್ತಾ ಕೂರಬೇಡಿ, ಕಚ್ಚದ ಕಡೆ ನೋಡಿ. ಕಾಲಿಗೆ ಕಚ್ಚಿದ್ದರೆ ಹೊಟ್ಟೆ, ಬೆನ್ನಿನ ಮೇಲೆ ಗಂಧೆ ಎದ್ದಿದೆಯೇ? ತುಟಿ, ರೆಪ್ಪೆ ಊದಿವೆಯೇ? ದನಿ ಗೊಗ್ಗರಾಗಿದೆಯೇ, ಕೆಮ್ಮು, ಉಬ್ಬಸ ಇದೆಯೇ? ವಾಂತಿ, ಹೊಟ್ಟೆನೋವು, ತಲೆಸುತ್ತು? ಮಗು ಬಿಳಿಚಿಕೊಂಡು ತಣ್ಣಗಾಗಿ ಮಂಕಾಗಿದೆಯೇ? ಸಾಮಾನ್ಯವಾಗಿ ಇವು ಅರ್ಧ ಗಂಟೆಯೊಳಗೆ ಕಾಣಿಸಿಕೊಳ್ಳುತ್ತವೆ. ಕಂಡರೆ 108ಕ್ಕೆ ಫೋನ್ ಮಾಡಿಸಿ. ಬಾಯಿ, ಗಂಟಲ ಒಳಗೆ ಕಚ್ಚಿದ್ದರಂತೂ ಏನನ್ನೂ ಕಾಯದೆ ಹೊರಡಿ.

ಅಂಥ ಹೊತ್ತಿನಲ್ಲಿ ಮಗುವನ್ನು ನಡೆಸಬೇಡಿ. ನಮ್ಮ ಕಡೆ ಎಲ್ಲರೂ ಮಾಡುವುದು ಒಂದೇ, ಬೈಕಿನ ಮೇಲೆ ಇಬ್ಬರ ನಡುವೆ ನೆಟ್ಟಗೆ ಕೂರಿಸಿಕೊಂಡು ಓಡುವುದು. ರಕ್ತದೊತ್ತಡ ಕುಸಿದ ಮಗುವಿಗೆ ಅದೇ ಅಪಾಯ. ಟಂಟಂ ಸಿಕ್ಕರೆ ಸೀಟಿನ ಮೇಲೆ ಮಲಗಿಸಿ, ಕಾಲು ಎತ್ತರಿಸಿ. ಉಸಿರಿಗೆ ಕಷ್ಟವಾದರೆ ಒರಗಿ ಕೂರಿಸಿ; ವಾಂತಿಯಾಗುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ. ಆಸ್ಪತ್ರೆಯಲ್ಲಿ ಮೊದಲು ಬೇಕಾದದ್ದು ಅಡ್ರಿನಲಿನ್, ತೊಡೆಯ ಹೊರಭಾಗದ ಸ್ನಾಯುವಿಗೆ, ಮಗುವಿನ ತೂಕ ನೋಡಿ ಕೊಡುವ ಚುಚ್ಚುಮದ್ದು. ಸಿಟ್ರಿಜಿನ್ ಮಾತ್ರೆ ತುರಿಕೆ ತಗ್ಗಿಸುತ್ತದೆ, ಕಟ್ಟಿದ ಉಸಿರನ್ನು ಬಿಡಿಸುವುದಿಲ್ಲ. ಚೇತರಿಸಿಕೊಂಡ ಮೇಲೂ ಕೆಲವು ಗಂಟೆ ಅಲ್ಲೇ ಇರಿ. ಒಮ್ಮೆ ತಗ್ಗಿದ್ದು ಮತ್ತೆ ಏಳುವುದುಂಟು.

ಈ ಔಷಧಿ ದೊಡ್ಡ ಊರಿನ ವಸ್ತುವಲ್ಲ. ಕೊರೊನಾ ಲಸಿಕೆ ಹಾಕಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸುತ್ತಿದ್ದರಲ್ಲ, ಈ ಅಲರ್ಜಿ ಬಂದೀತೆಂದೇ. ಮಕ್ಕಳಿಗೆ ಲಸಿಕೆ ಹಾಕಲು ಊರಿಗೆ ಬರುವ ಸಿಸ್ಟರ್‌ ಅವರನ್ನು ಕೇಳಿ: "ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಡ್ರಿನಲಿನ್ ಇದೆಯೇ, ರಾತ್ರಿ ಯಾರಿರುತ್ತಾರೆ?" ಉತ್ತರ ತಿಳಿದುಕೊಂಡಿರುವುದು, ಹುಡುಗನನ್ನು ಮನೆಯಲ್ಲಿ ಕೂಡಿಹಾಕುವುದಕ್ಕಿಂತ ಎಷ್ಟೋ ಮೇಲು.

ನನ್ನದೂ ಒಂದು ಇದೆ. ಕಾಲೇಜು ದಿನಗಳಲ್ಲಿ ಹಿರೇಬೆಣಕಲ್ಲಿನ ಮೋರೇರ ಬೆಟ್ಟದ ಕಲ್ಲುಮನೆಗಳನ್ನು ನೋಡಲು ಹೋಗಿದ್ದೆವು. ಬಂಡೆಯ ಕೆಳಗೆ ಗೆಳೆಯನೊಬ್ಬ ಬೀಡಿ ಹಚ್ಚಿದ, ಮೇಲೆ ಹೆಜ್ಜೇನಿತ್ತು. ಮೂವತ್ತಕ್ಕೂ ಹೆಚ್ಚು ಕಡೆ ಕಚ್ಚಿಸಿಕೊಂಡು ರಾತ್ರಿಯಿಡೀ ವಾಂತಿ ಮಾಡಿದೆ. ಆಮೇಲೆ ಎಷ್ಟೋ ವರ್ಷ ನನಗೆ ಜೇನಿನ ಅಲರ್ಜಿ ಎಂದೇ ಹೇಳಿಕೊಂಡು ತಿರುಗಿದೆ. ಒಂದು ಬೇಸಿಗೆ ಮಾವಿನ ತೋಟದಲ್ಲಿ ಒಂಟಿ ಜೇನು ಕುತ್ತಿಗೆಗೆ ಕಚ್ಚಿತು. ಏನೂ ಆಗಲಿಲ್ಲ! ಬೆಟ್ಟದಲ್ಲಿ ಆದದ್ದು ಅಲರ್ಜಿಯಲ್ಲ, ಬರೀ ವಿಷದ ಮೊತ್ತ. ಮಗುವಿಗೆ ಹತ್ತಾರು ಕಡೆ ಕಚ್ಚಿದರೆ ಚೆನ್ನಾಗಿ ಕಂಡರೂ ಆಸ್ಪತ್ರೆಗೆ ಒಯ್ಯಬೇಕು ಎನ್ನುವುದು ಅದಕ್ಕೇ.

ಪತ್ರ ಬರೆದ ಹುಡುಗಿ ಕೊನೆಗೆ ಸಣ್ಣ ಅಕ್ಷರದಲ್ಲಿ ತನ್ನದೇ ಪ್ರಶ್ನೆ ಸೇರಿಸಿದ್ದಾಳೆ: ಚೇಳಿಗೂ ಇದೇ ನಿಯಮವೇ? ಅಲ್ಲ ತಂಗಿ. ಕೆಂಪು ಚೇಳಿನ ವಿಷ ನೇರವಾಗಿ ಹೃದಯಕ್ಕೆ ಏಟು ಕೊಡುತ್ತದೆ. ಮಕ್ಕಳಿಗೆ ಮೊದಲ ಕಡಿತವೇ ಅಪಾಯ. ಬೆವರು, ವಾಂತಿ, ತಣ್ಣಗಾದ ಕೈಕಾಲು ಕಾಣುವವರೆಗೂ ಕಾಯದೆ ಕರೆದೊಯ್ಯಬೇಕು. ಅದಕ್ಕೆ ಪ್ರಜೋಸಿನ್ ಮಾತ್ರೆ ಕೆಲಸ ಮಾಡುತ್ತದೆ ಎಂದು ತೋರಿಸಿಕೊಟ್ಟವರು ಮಹಾರಾಷ್ಟ್ರದ ಮಹಾಡ್‌ನ ವೈದ್ಯ ಹಿಮ್ಮತರಾವ್ ಬಾವಸ್ಕರ್.

ಅವ್ವ, ಹುಡುಗನನ್ನು ಸೋಮವಾರವೇ ಶಾಲೆಗೆ ಕಳುಹಿಸಿ. ಹೆಡ್ ಮಾಸ್ತರರಿಗೆ ಹುಣಸೆ ಮರದ ಗೂಡಿನ ವಿಷಯ ಹೇಳಿ. ತಿಳಿದವರಿಂದ ರಾತ್ರಿ ಹೊತ್ತು ತೆಗೆಸಲಿ, ಹುಡುಗರು ಕಲ್ಲು ಬೀರುವ ಮೊದಲು. ಸೊಸೆ ಫೋನ್ ಮಾಡಿದಾಗ ಸಮಾಧಾನ ಹೇಳುವ ಕೆಲಸ ನಿಮಗೆ ಬೇಡ, ಅವನ ಕೈಗೇ ಫೋನ್ ಕೊಡಿ. ಮುಂದಿನ ಸಂಚಿಕೆಯಲ್ಲಿ ಸುಣ್ಣದ ಮದ್ದಿನ ತಿದ್ದುಪಡಿ ಅದೇ ಅಂಕಣದಲ್ಲಿ, ಅಷ್ಟೇ ದಪ್ಪ ಅಕ್ಷರದಲ್ಲಿ ಬರುತ್ತದೆ. ಓದಿಸಿ ಕೇಳಿ.

— ಸಂ.